ಯಾರೂ ಇಲ್ಲದ ಕೋಣೆಯ ಲೈಟು

ನಮ್ಮ ಅಪ್ಪ ಗಿಡಗಳನ್ನು ಮನೆಮಂದಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನನ್ನ ತಕರಾರು ಇಷ್ಟೇ. ಇವತ್ತು ಬೆಳಿಗ್ಗೆ ಮತ್ತೆ ಗ್ರೋ ಲೈಟ್, ಅಂದರೆ ಬಿಸಿಲು ಸಾಲದ ಗಿಡಗಳಿಗೆಂದೇ ಹಾಕಿದ ದೀಪ, ಆಫ್ ಆಗಿತ್ತು. ಕೇಳಿದರೆ ಅದೇ ಉತ್ತರ: "ಕೋಣೇಲಿ ಯಾರೂ ಇರ್ಲಿಲ್ಲ ಕಣೋ, ಸುಮ್ನೆ ಉರೀತಿತ್ತು."

ತುಳಸಿ ಇತ್ತಲ್ಲಪ್ಪಾ! ಕರಿಬೇವು ಇತ್ತಲ್ಲಾ!

ಬೆಂಗಳೂರಿನ ಅಪಾರ್ಟ್‌ಮೆಂಟು, ದಕ್ಷಿಣಕ್ಕೆ ಬಾಲ್ಕನಿ. ಡಿಸೆಂಬರ್‌ನಲ್ಲಿ ಬಿಸಿಲು ಕರೆಯದಿದ್ದರೂ ಹಾಲ್‌ವರೆಗೆ ಬಂದು ಸೋಫಾ ಹತ್ತಿ ಕೂರುತ್ತದೆ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ಊರಿನ ನೆತ್ತಿ ದಾಟಿ ಉತ್ತರಕ್ಕೆ ಹೊರಟನೋ, ಆಗಸ್ಟ್ 18ರ ತನಕ ಈ ಕಡೆ ತಲೆ ಹಾಕುವುದಿಲ್ಲ. ಮೇಲಿಂದ ಮಳೆಗಾಲದ ಮೋಡ ಬೇರೆ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ; ಬಯಲಿನ ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯೊಳಗೆ ಕೆಲವು ನೂರು ಸಿಕ್ಕರೆ ಪುಣ್ಯ. ನಮ್ಮ ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಕಿಟಕಿ ಕಡೆ ಕತ್ತು ಚಾಚಿ ಚಾಚಿ ನರಪೇತಲನಂತಾಗುತ್ತದೆ.

ಹಾಗಾಗಿ ಬಂದಷ್ಟು ಬಿಸಿಲು, ಉಳಿದದ್ದಕ್ಕೆ ಎಲ್‌ಇಡಿ. ಮೊದಲು ತಂದದ್ದು ಕೆಂಪು, ನೀಲಿ ಬೆರೆತ ನೇರಳೆ ಬಣ್ಣದ್ದು. ಎದೆ ತಟ್ಟಿ ಹೇಳುತ್ತೇನೆ, ಗಿಡಕ್ಕೆ ಒಳ್ಳೆಯದೇ. ಆದರೆ ವಾಚ್‌ಮನ್ ಮೇಲೆ ನೋಡಿ "ಸಾರ್, ಬಾರ್ ಏನಾದ್ರೂ ಓಪನ್ ಮಾಡಿದ್ರಾ?" ಅಂದ ಮೇಲೆ ಬಿಳಿ ಲೈಟ್ ಬಂತು.

ಅಪ್ಪನಿಗೆ ಲೆಕ್ಕ ಒಪ್ಪಿಸಿದೆ. 20 ವ್ಯಾಟ್, ದಿನಕ್ಕೆ 6 ಗಂಟೆ, ತಿಂಗಳಿಗೆ 3.6 ಯೂನಿಟ್. "ಹೊರಗೆ ಪುಕ್ಕಟೆ ಸೂರ್ಯ ಇರುವಾಗ ಅದೂ ದಂಡ ತಾನೇ?" ಅಂದರು. ಟೈಮರ್ ಹಾಕಿದೆ. ಅದು ತಾನಾಗಿ ಹೊತ್ತಿಕೊಂಡದ್ದು ನೋಡಿ, ವೈರಿಂಗ್ ಕೆಟ್ಟಿದೆ ಅಂತ ಪ್ಲಗ್ಗನ್ನೇ ಕಿತ್ತರು. ಸ್ವಿಚ್ ಪಕ್ಕ 'ದಯವಿಟ್ಟು ಆರಿಸಬೇಡಿ' ಅಂತ ಚೀಟಿ ಅಂಟಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಆರಿಸಿ, ಬಂದು ಹೇಳಿದರು: "ಅಕ್ಷರ ಇನ್ನೂ ದುಂಡಗೆ ಬರೀಬೇಕಿತ್ತು."

ಒಂದು ದಿನ "ರಾತ್ರಿ ಗಿಡಕ್ಕೂ ನಿದ್ದೆ ಬೇಡ್ವೇನೋ?" ಅಂದರು. ಹೊಟ್ಟೆ ಉರಿಯುವುದು ಇಲ್ಲೇ. ಮಾತು ಸರಿ ಇತ್ತು. ಸೇವಂತಿಗೆ ಮೊಗ್ಗು ಬಿಡಬೇಕಾದರೆ ಉದ್ದನೆಯ ಕತ್ತಲೆ ಬೇಕು. ಬೇಗ ಹೂ ಬಿಡದಿರಲಿ ಅಂತಲೇ ಚಿಕ್ಕಬಳ್ಳಾಪುರದ ಕಡೆ ರೈತರು ರಾತ್ರಿ ಹೊಲಕ್ಕೆ ಬಲ್ಬ್ ಹಾಕುತ್ತಾರೆ. ಇದನ್ನು ನಾನು ಅಪ್ಪನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಊರಿನ ಮನೆಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಕರಿಬೇವು ತಾನಾಗಿ ಬೆಳೆದಿತ್ತು. ಒಗ್ಗರಣೆ ಸಿಡಿಯುವಷ್ಟರಲ್ಲಿ ಅಮ್ಮ ಓಡಿಹೋಗಿ ಎಲೆ ಕಿತ್ತು ತರುತ್ತಿದ್ದಳು. ಆಗ ಅಪ್ಪನಿಗೆ ತೋಟ ಸುತ್ತುವುದರಲ್ಲೇ ದಿನ ಸಾಲುತ್ತಿರಲಿಲ್ಲ. ಇಲ್ಲಿ ಅವರಿಗೆ ಸುತ್ತಲು ಇರುವುದು ಸ್ವಿಚ್ ಬೋರ್ಡುಗಳು ಮಾತ್ರ. ಅದು ನೆನಪಾದರೆ ಬೈಯಲು ಬಾಯಿ ಬರುವುದಿಲ್ಲ.

ಸ್ವಲ್ಪ ಹೊತ್ತು.

ಯಾಕಂದರೆ ಈಗ ಹೊಸದು ಶುರುವಾಗಿದೆ. "ಹೇಗೂ ಉರಿಯುತ್ತೆ, ವೇಸ್ಟ್ ಆಗೋದು ಬೇಡ" ಅಂತ ಕುರ್ಚಿ ತಂದು ಲೈಟಿನ ಕೆಳಗೇ ಪೇಪರ್ ಓದುತ್ತಾರೆ. ತುಳಸಿಯನ್ನು ಮೂಲೆಗೆ ಸರಿಸಿದ್ದಾರೆ. ಕಣ್ಣಿಗೆ ಚುಚ್ಚುತ್ತದೆಂದು ಲೈಟನ್ನು ಮೇಲಕ್ಕೂ ಏರಿಸಿದ್ದಾರೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತಪ್ಪಾ ಅಂತ ವಿವರಿಸಿದೆ.

"ಪೇಪರ್ ಓದೋಕೆ ಅಷ್ಟು ಧಾರಾಳ ಸಾಕು ಬಿಡು" ಅಂದರು.