ಅಪಾನವಾಯುವಿನ ಅಪವಾದ

ಆಷಾಢದ ಮಳೆಯಲ್ಲಿ ಉಡುಪಿಯಿಂದ ಮಂಗಳೂರಿಗೆ ಹೊರಡುವ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಒದ್ದೆ ಕೊಡೆಗಳಿಂದ ಇಳಿದ ನೀರು ಬ್ರೇಕು ಹಾಕಿದಾಗಲೆಲ್ಲ ಕಾಲಡಿಯಲ್ಲಿ ಮುಂದಕ್ಕೆ ಹರಿದು ಮತ್ತೆ ಹಿಂದಕ್ಕೆ ಬರುತ್ತಿರುತ್ತದೆ. ಅಂಥದೊಂದು ಬಸ್ಸು ಪಡುಬಿದ್ರಿ ದಾಟುವ ಹೊತ್ತಿಗೆ, ಯಾವ ಸದ್ದೂ ಇಲ್ಲದೆ, ಅದು ಬಂತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕಾಲೇಜು ಹುಡುಗನೊಬ್ಬ ತನ್ನ ಮೊಬೈಲಿನೊಳಗೆ ಇನ್ನಷ್ಟು ಮುಳುಗಿದ. ಉಳಿದವರ ದೃಷ್ಟಿಯೆಲ್ಲ ನನ್ನ ಪಕ್ಕದಲ್ಲಿ, ಕೆಮ್ಮಣ್ಣು ಹಚ್ಚಿದ ಹಲಸಿನ ಬೀಜದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರ ಮೇಲೆ ನೆಟ್ಟಿತು. ಸಾಕ್ಷ್ಯವು ಮಡಿಲಲ್ಲೇ ಇದ್ದುದರಿಂದ ಬೇರೆ ವಿಚಾರಣೆ ಬೇಕಾಗಲಿಲ್ಲ.

ಅಂದು ಆ ಹಿರಿಯರ ಪರವಾಗಿ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡುವಂಥ ವಾತಾವರಣವೂ ಅದಾಗಿರಲಿಲ್ಲ. ಆ ವಕಾಲತ್ತನ್ನು ಈಗ ವಹಿಸುತ್ತಿದ್ದೇನೆ.

ಈ ವಾಯುವಿಗೆ ನಮ್ಮಲ್ಲಿ ಗೌರವದ ಸ್ಥಾನವೇನೂ ಕಡಿಮೆಯಿಲ್ಲ. ಪಂಚಪ್ರಾಣಗಳಲ್ಲಿ ಅದೂ ಒಂದು. ಎಲೆಯ ಮುಂದೆ ಕೂತು ‘ಅಪಾನಾಯ ಸ್ವಾಹಾ’ ಎಂದು ಮೊದಲ ತುತ್ತುಗಳಲ್ಲಿ ಒಂದನ್ನು ಅದರ ಹೆಸರಿನಲ್ಲೇ ಸ್ವೀಕರಿಸಿದವರು, ಸಂಜೆಯ ಹೊತ್ತಿಗೆ ಅದೇ ಅಪಾನನು ಬಂದು ನಿಂತರೆ ಗುರುತೇ ಇಲ್ಲದವರ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಡಾಕ್ಟರ ಎದುರಿನಲ್ಲೂ ‘ಸ್ವಲ್ಪ ಗ್ಯಾಸ್ಟ್ರಿಕ್’ ಎಂಬುದಕ್ಕಿಂತ ಕೆಳಗೆ ನಾವು ಇಳಿಯುವುದಿಲ್ಲ.

ಆರೋಗ್ಯವಂತನಾದ ಮನುಷ್ಯ ದಿನಕ್ಕೆ 10ರಿಂದ 20 ಬಾರಿ, ಒಟ್ಟು ಅರ್ಧದಿಂದ ಒಂದೂವರೆ ಲೀಟರಿನಷ್ಟು ವಾಯುವನ್ನು ಬಿಡುತ್ತಾನೆ. ಅದರಲ್ಲಿರುವುದು ಊಟ ಮಾಡುವಾಗ, ಮಾತಾಡುವಾಗ ನುಂಗಿದ ಗಾಳಿ ಮತ್ತು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಹುಟ್ಟಿಸಿದ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಇವು ಯಾವುವಕ್ಕೂ ವಾಸನೆಯಿಲ್ಲ. ನಮ್ಮ ಮರ್ಯಾದೆ ಕಳೆಯುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಿರುವ ಗಂಧಕದ ಅನಿಲಗಳು, ಅದರಲ್ಲೂ ಮುಖ್ಯವಾಗಿ ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೋಜನ್ ಸಲ್ಫೈಡ್. 1998ರಲ್ಲಿ ಅಮೆರಿಕದ ಮೈಕೆಲ್ ಲೆವಿಟ್ ಎಂಬ ವೈದ್ಯರೂ ಅವರ ಸಂಗಡಿಗರೂ 16 ಮಂದಿ ಆರೋಗ್ಯವಂತರಿಗೆ ಬೀನ್ಸ್ ಕಾಳು ತಿನ್ನಿಸಿ, ಅವರ ವಾಯುವನ್ನು ಸಂಗ್ರಹಿಸಿ, ಇಬ್ಬರು ತೀರ್ಪುಗಾರರಿಗೆ ಮೂಸಲು ಕೊಟ್ಟು, ಆ ಅನಿಲ ಹೆಚ್ಚಿದಂತೆ ನಾತವೂ ಹೆಚ್ಚುವುದನ್ನು ದಾಖಲಿಸಿದರು. ವಿಜ್ಞಾನಕ್ಕಾಗಿ ಮಾಡಿದ ತ್ಯಾಗಗಳ ಪಟ್ಟಿಯಲ್ಲಿ ಆ ಇಬ್ಬರನ್ನು ಯಾರೂ ಸೇರಿಸದಿರುವುದು ಅನ್ಯಾಯ.

ಹೀಗಿರುವಾಗ ಪ್ರಮಾಣದ್ದು ಒಂದು ಖಾತೆ, ನಾತದ್ದು ಇನ್ನೊಂದು. ಕಡಲೆ, ಹುರುಳಿ, ಅಲಸಂಡೆಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ. ಅವು ಹಾಗೆಯೇ ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಸಮಾರಾಧನೆಯಾಗುತ್ತವೆ. ಹಲಸಿನ ಬೀಜದ ಅರಗದ ಪಿಷ್ಟದ ಕಥೆಯೂ ಹೆಚ್ಚುಕಡಿಮೆ ಇದೇ. ಹೊಟ್ಟೆ ಉಬ್ಬುತ್ತದೆ, ಸದ್ದೂ ಆಗಬಹುದು. ಆದರೆ ನಾತದ ಖಾತೆಯನ್ನು ತುಂಬುವವರು ಹೆಚ್ಚಾಗಿ ಬೇರೆಯವರು: ಗಂಧಕ ಹೆಚ್ಚಿರುವ ಮೊಟ್ಟೆ, ಮಾಂಸ, ಬೆಳ್ಳುಳ್ಳಿ, ಈರುಳ್ಳಿ, ಎಲೆಕೋಸು, ಹೂಕೋಸು, ಮೂಲಂಗಿ. ಮೊಬೈಲಿನಲ್ಲಿ ಮುಳುಗಿದ್ದ ಹುಡುಗ ಹಿಂದಿನ ರಾತ್ರಿ ಗಾಡಿಯ ಬಳಿ ನಿಂತು ತಿಂದಿರಬಹುದಾದ, ಹೂಕೋಸನ್ನೂ ಬೆಳ್ಳುಳ್ಳಿಯನ್ನೂ ಒಂದೇ ಬಾಣಲೆಯಲ್ಲಿ ಸೇರಿಸುವ ಗೋಬಿ ಮಂಚೂರಿಯ ಬಗ್ಗೆ ಅಂದು ಯಾರೂ ಪ್ರಶ್ನೆ ಎತ್ತಲಿಲ್ಲ.

ಈ ವಿಷಯದಲ್ಲಿ ಉಡುಪಿಯ ಮಠದ ಅಡುಗೆಮನೆಯನ್ನು ನಾನು ಮೆಚ್ಚುತ್ತೇನೆ, ಕಾರಣ ಅವರು ಹೇಳುವುದಕ್ಕಿಂತ ಬೇರೆಯಾದರೂ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಚಾತುರ್ಮಾಸ್ಯದಲ್ಲಂತೂ ಒಂದು ತಿಂಗಳು ಕ್ಷೀರವ್ರತವೆಂದು ಹಾಲು ಬಿಡುತ್ತಾರೆ, ಮರುತಿಂಗಳು ದ್ವಿದಳವ್ರತವೆಂದು ಬೇಳೆಕಾಳು ಬಿಡುತ್ತಾರೆ. ಬಾಲ್ಯ ಕಳೆದ ಮೇಲೆ ನಮ್ಮಲ್ಲಿ ಬಹಳ ಜನರಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಸರಿಯಾಗಿ ಅರಗುವುದಿಲ್ಲ. ಬೇಳೆಕಾಳಿನ ಸಂಗತಿ ಆಗಲೇ ಹೇಳಿದೆ. ಪುಣ್ಯದ ಲೆಕ್ಕ ಬೇರೆಯವರು ನೋಡಲಿ. ಕರುಳಿನ ಲೆಕ್ಕದಲ್ಲಿ ಅವೆರಡು ಬಿಡುವಿನ ತಿಂಗಳುಗಳು.

ನನ್ನ ಅಜ್ಜಿಗೆ ಗೊತ್ತಿದ್ದ ಪರಿಹಾರ ಇಂಗು. ಗಟ್ಟಿ ಇಂಗಿನ ಚೂರನ್ನು ಸಣ್ಣ ಬಟ್ಟಲಿನ ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಅದನ್ನು ಹಾಲಿನ ಹಾಗೆ ಬೆಳ್ಳಗೆ ಮಾಡುತ್ತಿದ್ದರು. ಹೆಸರುಬೇಳೆಯ ತೊವ್ವೆಗೆ ಕೊನೆಯಲ್ಲಿ ಆ ನೀರು ಬೀಳುತ್ತಿತ್ತು, ಸಂಜೆಯವರೆಗೂ ಆ ಹೆಬ್ಬೆರಳು ಘಮಘಮಿಸುತ್ತಿತ್ತು. ಇರಾನ್, ಅಫ್ಘಾನಿಸ್ತಾನಗಳ ಕಡೆಯಿಂದ ಬರುವ ಆ ಅಂಟಿನ ವಾಸನೆಗೂ ಮೂಲ ಗಂಧಕವೇ ಎಂದು ತಿಳಿದದ್ದು ನನಗೆ ಬಹಳ ತಡವಾಗಿ. ಹುರುಳಿಯನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲುವ ಅವರ ಪದ್ಧತಿ ಮಾತ್ರ ಲೆಕ್ಕಾಚಾರದ್ದೇ, ಏಕೆಂದರೆ ಅರಗದ ಸಕ್ಕರೆಯಲ್ಲಿ ಒಂದು ಭಾಗ ನೀರಿನ ಜೊತೆಗೇ ಹೊರಟುಹೋಗುತ್ತದೆ.

ತಿಂದದ್ದರ ಹೊರಗೂ ಕಾರಣಗಳಿವೆ. ಮಲಬದ್ಧತೆಯಿಂದ ಒಳಗಿನದು ಒಳಗೇ ಹೆಚ್ಚು ಹೊತ್ತು ಉಳಿದರೆ ನಾತ ಬಲಿಯುತ್ತದೆ. ಆ್ಯಂಟಿಬಯೋಟಿಕ್ ನುಂಗಿದರೆ ಒಳಗಿನ ಸೂಕ್ಷ್ಮಜೀವಿಗಳ ಸಂಸಾರವೇ ಏರುಪೇರಾಗುತ್ತದೆ. ಕೆಟ್ಟ ನೀರಿನಿಂದ ಜಿಯಾರ್ಡಿಯಾ ಎಂಬ ಪರೋಪಜೀವಿ ಸೇರಿಕೊಂಡರೂ ನಾತವಿರುತ್ತದೆ, ಜೊತೆಗೆ ಭೇದಿಯೂ. ತೂಕ ಇಳಿಯುವುದು, ಮಲದಲ್ಲಿ ರಕ್ತ ಕಾಣುವುದು, ಬಿಡದ ಹೊಟ್ಟೆನೋವು ಇವು ಕೂಡಿಕೊಂಡರೆ ಇಂಗಿನ ಬಟ್ಟಲನ್ನು ಬದಿಗಿಟ್ಟು ಡಾಕ್ಟರ ಬಳಿಗೆ ಹೋಗಬೇಕು, ಹೋದ ಮೇಲೆ ಗ್ಯಾಸ್ಟ್ರಿಕ್ ಎಂಬ ಪರದೆಯನ್ನೂ ತೆಗೆಯಬೇಕು.

ಹಿರಿಯರು ಸುರತ್ಕಲ್ಲಿನಲ್ಲಿ ಇಳಿದರು. ಬೀಜ ಮಗಳ ಮನೆಗಂತೆ, ಅವರಿಗೆ ಹಲ್ಲಿಲ್ಲದೆ ಅದನ್ನು ತಿನ್ನುವುದು ಬಿಟ್ಟು ವರ್ಷಗಳಾದವಂತೆ. ಬಸ್ಸು ಕೂಳೂರು ಸೇತುವೆಯ ಮೇಲಿದ್ದಾಗ ಅದು ಮತ್ತೊಮ್ಮೆ ಬಂತು. ಈ ಬಾರಿ ಯಾರೂ ಯಾರನ್ನೂ ನೋಡಲಿಲ್ಲ. ಹುಡುಗ ಮೊಬೈಲನ್ನು ಜೇಬಿಗಿಳಿಸಿ, ಹೊರಗೆ ಮಳೆ ಹೊಯ್ಯುತ್ತಿದ್ದಂತೆಯೇ, ತನ್ನ ಪಕ್ಕದ ಕಿಟಕಿಯ ಗಾಜನ್ನು ಸದ್ದಿಲ್ಲದೆ ಸರಿಸಿದ.