ಥ್ಯಾಂಕ್ಸ್ ಹೇಳೋಕೂ ಶುಕ್ರವಾರದ ಡೆಡ್‌ಲೈನಾ?

ಇವತ್ತು ಆಫೀಸಲ್ಲಿ ಎಲ್ರಿಗೂ ಒಂದೊಂದು ಹಳದಿ ಡೈರಿ ಹಂಚಿದ್ರು ಕಣ್ರೀ. ದಿನಾ ರಾತ್ರಿ ಮಲಗೋ ಮುಂಚೆ ಆವತ್ತಿನ ಮೂರು ಒಳ್ಳೇ ವಿಷಯ ಬರೀಬೇಕಂತೆ, ಶುಕ್ರವಾರ ಅದ್ರಲ್ಲೊಂದನ್ನ ಟೀಮ್ ಗ್ರೂಪಿಗೆ ಹಾಕ್ಬೇಕಂತೆ. ಹೋದ ತಿಂಗಳು ನಮ್ಮ ಸಾಲಲ್ಲೇ ನಾಲ್ಕು ಜನರನ್ನ ಮನೆಗೆ ಕಳಿಸಿದ್ದಾರೆ, ಅವ್ರ ಕೆಲಸ ಉಳಿದೋರ ತಲೆ ಮೇಲೆ ಬಿದ್ದಿದೆ, ಈಗ ಸ್ಟ್ರೆಸ್ ಕಮ್ಮಿ ಮಾಡೋಕೆ ಡೈರಿ! ಪಕ್ಕದೋಳು ಮೆಲ್ಲಗೆ "ಕೆಲ್ಸ ಇನ್ನೂ ಇದೆ ಅಂತ ಮೂರು ಸಲ ಬರೀಲಾ" ಅಂದ್ಲು. ನಗು ಬಂತು, ಆಮೇಲೆ ಮೈಯೆಲ್ಲ ಉರಿದೋಯ್ತು.

ಅಪ್ಪ ಬಿದ್ದು ಸೊಂಟದ ಮೂಳೆ ಮುರ್ಕೊಂಡಾಗಿಂದ ನನ್ನ ಪಾಡು ನಿಮಗೆಲ್ಲ ಗೊತ್ತೇ ಇದೆ. ಹನ್ನೊಂದು ರಾತ್ರಿ ವಾರ್ಡಲ್ಲಿ ಕಳೆದು, ಬೆಳಿಗ್ಗೆ ಅಲ್ಲೇ ಮುಖ ತೊಳ್ಕೊಂಡು ಮೀಟಿಂಗಿಗೆ ಕೂತೋಳು ನಾನು. ರಜೆ ಕೇಳ್ದಾಗ "ಲ್ಯಾಪ್‌ಟಾಪ್ ತಗೊಂಡೋಗಿ" ಅಂದೋರೇ ಇವತ್ತು ಕೃತಜ್ಞತೆ ಬಗ್ಗೆ ಸ್ಲೈಡ್ ತೋರಿಸ್ತಿದ್ರು.

ರಿಸರ್ಚ್ ಇದೆಯಂತೆ. ಇದೆ ಸ್ವಾಮಿ, ಇಲ್ಲ ಅಂದೋರ್ಯಾರು? ಅಮೆರಿಕದ ಮನಶ್ಶಾಸ್ತ್ರಜ್ಞರು ರಾಬರ್ಟ್ ಎಮನ್ಸ್, ಮೈಕಲ್ ಮೆಕಲ್ಲೋ 2003ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳ ಕೈಲಿ ವಾರಕ್ಕೊಂದು ಸಲದ ಹಾಗೆ ಹತ್ತು ವಾರ ಬರೆಸಿದ್ರು, ಒಂದು ಗುಂಪು ಒಳ್ಳೇದನ್ನ, ಇನ್ನೊಂದು ಕಿರಿಕಿರಿನ, ಮತ್ತೊಂದು ಸುಮ್ನೆ ನಡೆದಿದ್ದನ್ನ. ಒಳ್ಳೇದು ಬರೆದೋರಿಗೆ ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಇತ್ತು. ನರ-ಸ್ನಾಯು ಕಾಯಿಲೆ ಇರೋರೂ 21 ದಿನ ಬರೆದ್ರು, ಅವ್ರಿಗೆ ನಿದ್ದೆನೂ ಚೆನ್ನಾಗಿ ಬಂತಂತೆ. ಸಂತೋಷ. ಆದ್ರೆ ಶುಕ್ರವಾರ ಅದನ್ನ ಓದೋಕೆ ಅವ್ರ ಮ್ಯಾನೇಜರ್ ಕೂತಿರ್ಲಿಲ್ವಲ್ಲ!

ನಮ್ಮಲ್ಲಿ 'ಧನ್ಯವಾದ' ಅನ್ನೋದು ವಂದನಾರ್ಪಣೆ ಮಾಡೋರ ಸ್ವತ್ತು, ಮನೇಲಿ ಯಾರಂತಾರೆ? ಬಿಸಿಲಲ್ಲಿ ನೀರು ಕೊಟ್ಟೋಳಿಗೆ ನಮ್ಮಜ್ಜಿ "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಅನ್ನೋಳು, ಊಟ ಮುಗಿಸಿ ಏಳುವಾಗ ತಾತ "ಅನ್ನದಾತಾ ಸುಖೀಭವ" ಅನ್ನೋರು. ಅದು ಕೊಟ್ಟೋರಿಗೆ ಹೇಳೋ ಮಾತು, ಡೈರಿಗಲ್ಲ. ಅದೇ ಅಜ್ಜಿ ನೀರು ಕುಡಿದು ಚೊಂಬು ಕೆಳಗಿಡೋಷ್ಟರಲ್ಲಿ ಸೊಸೇನೂ ಸರ್ಕಾರಾನೂ ಸೇರಿಸಿ ಬಯ್ಯೋಕೆ ಶುರು ಹಚ್ಕೊಳ್ಳೋಳು. ಒಳ್ಳೇದು ನೆನೆದೋರು ಬಯ್ಯಬಾರ್ದು ಅಂತ ಯಾವನ್ರೀ ರೂಲ್ಸ್ ಮಾಡಿದ್ದು?

ತಲೆ ನಿಜವಾಗ್ಲೂ ಕೈಕೊಟ್ರೆ ಏನ್ಮಾಡ್ಬೇಕು ಅಂತ ಸ್ಲೈಡಲ್ಲಿ ಒಂದಕ್ಷರ ಇರ್ಲಿಲ್ಲ. ಟೆಲಿ ಮಾನಸ್ 14416 ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ. ಯಾರಿಗೂ ಹೇಳಿರ್ಲಿಲ್ಲ, ಏಳನೇ ರಾತ್ರಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಾನೇ ಮಾಡಿದ್ದೆ. ಮಾತಾಡಿದ್ದಕ್ಕಿಂತ ಅತ್ತಿದ್ದೇ ಜಾಸ್ತಿ.

ಬೆಳಿಗ್ಗೆ ಪಕ್ಕದ ಬೆಡ್ಡಿನ ಹಿರಿಯೂರು ಕಡೆಯಮ್ಮ, ಅವ್ರ ಗಂಡನಿಗೆ ಇನ್ನೂ ಆಪರೇಷನ್ನೇ ಆಗಿರ್ಲಿಲ್ಲ, ನನ್ನ ಮುಖ ನೋಡಿ ಏನೂ ಕೇಳ್ದೆ ಒಂದು ಸ್ಟೀಲ್ ಡಬ್ಬಿ ತಂದು ತೊಡೆ ಮೇಲಿಟ್ರು. ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ. "ತಿನ್ನವ್ವ, ನೀನೂ ಮಲಗಿಬಿಟ್ರೆ ಅಪ್ಪನ್ನ ನೋಡೋರ್ಯಾರು" ಅಂದ್ರು. ರೊಟ್ಟಿ ಆರಿ ಚರ್ಮದಂಗಾಗಿತ್ತು, ಅಗಿದೂ ಅಗಿದೂ ತಿಂದೆ, ಬಾಯಿ ತುಂಬ ರೊಟ್ಟಿ, ಒಂದು ಮಾತೂ ಹೇಳ್ಲಿಲ್ಲ. ಹಾಳು ಮೀಟಿಂಗ್ ಮುಗಿಸಿ ಬರೋಷ್ಟರಲ್ಲಿ ಅವ್ರ ಗಂಡನ್ನ ಬೇರೆ ಆಸ್ಪತ್ರೆಗೆ ಕರ್ಕೊಂಡೋಗಿದ್ರು. ಡಬ್ಬಿ ನನ್ನತ್ರನೇ ಉಳೀತು. ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತಾರಲ್ಲ, ತುಂಬಿಸಿ ಕೊಡೋಣ ಅಂದ್ರೆ ಊರ ಹೆಸರು ಕೇಳಿಲ್ಲ, ತಳದಲ್ಲಿ ಯಾರದೋ ಮದುವೆ ತಾರೀಖು ಕೊರೆದಿದೆ ಅಷ್ಟೆ.

ಹಳದಿ ಡೈರೀಲಿ ಅಪ್ಪನ ಬಿಪಿ ಬರೆಯೋಕೆ ಶುರು ಮಾಡಿದೀನಿ. ಇವತ್ತು 150/90. ಶುಕ್ರವಾರ ಗ್ರೂಪಿಗೆ ಅದನ್ನೇ ಹಾಕ್ತೀನಿ.