ಗೆಲ್ಲಿಸಿದ್ದು ಇಂಜಿನ್ ಅಲ್ಲ, ತೂಕದ ಲೆಕ್ಕ

ನಿಮ್ಮ ಲೇಖನದಲ್ಲಿ, 1986ರಲ್ಲಿ ವಾಯೇಜರ್ ವಿಮಾನ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿ ಸುತ್ತಿದ್ದು ‘ಬಲಿಷ್ಠ ಇಂಜಿನ್‌ನಿಂದ’ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಮುಂದೊಂದು, ಹಿಂದೊಂದು ಅಂತ ಎರಡು ಇಂಜಿನ್ ಇದ್ದವು ನಿಜ, ಆದರೆ ದಾರಿಯುದ್ದಕ್ಕೂ ಜಾಸ್ತಿ ಹೊತ್ತು ಮುಂದಿನದನ್ನು ಆರಿಸಿಯೇ ಇಟ್ಟಿದ್ದರು.

ನಾನು ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ಗಾಡಿ ಓಡಿಸುತ್ತೇನೆ. ಗಾಡಿಯ ತೂಕದಷ್ಟೇ ಲೋಡ್ ಹಾಕಿದರೂ ಏರಿನಲ್ಲಿ ಅದು ಹೇಗೆ ಒದ್ದಾಡುತ್ತದೆ ಅಂತ ದಿನಾ ನೋಡುತ್ತೇನೆ. ವಾಯೇಜರ್‌ನಲ್ಲಿ ಇಂಜಿನ್ ಬಿಟ್ಟು ಬರೀ ಮೈಕಟ್ಟಿನ ತೂಕ ಸುಮಾರು 426 ಕೆಜಿ. ಅದರೊಳಗೆ ತುಂಬಿದ್ದು ಸುಮಾರು 3,180 ಕೆಜಿ ಇಂಧನ. ಏಳು ಪಟ್ಟಿಗಿಂತ ಜಾಸ್ತಿ! ಹಗುರವಾದರೂ ಗಟ್ಟಿಯಾದ ಕಾರ್ಬನ್ ಫೈಬರ್ ಮೈ, 33 ಮೀಟರ್ ದಾಟುವ ತೆಳು ರೆಕ್ಕೆ. ಬರ್ಟ್ ರುಟಾನ್ ಅವರ ಈ ವಿನ್ಯಾಸವೇ ನಿಜವಾದ ಸಾಧನೆ, ಅಲ್ವಾ? ಹೊರಡುವಾಗ ಇಂಧನದ ಭಾರಕ್ಕೆ ರೆಕ್ಕೆ ಬಾಗಿ ತುದಿಗಳು ರನ್‌ವೇಗೆ ಉಜ್ಜಿದವು. ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಓಡಿದ ಮೇಲೆ ನೆಲ ಬಿಟ್ಟಿತು. ಇಳಿದಾಗ ಉಳಿದಿದ್ದು ಸುಮಾರು 48 ಕೆಜಿ ಇಂಧನ ಮಾತ್ರ. ಅಂದರೆ ಮೂರು ಬಾಕ್ಸ್ ಟೊಮೆಟೊ ತೂಕ! ಆ ಲೆಕ್ಕ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು. ಪೈಲಟ್ ಅಂತ ಡಿಕ್ ರುಟಾನ್ ಹೆಸರು ಮಾತ್ರ ಹಾಕಿದ್ದೀರಿ. ಒಂಬತ್ತು ದಿನ ಆ ಇಕ್ಕಟ್ಟಿನಲ್ಲಿ ಜೊತೆಗೆ ಹಾರಿದವರು ಜೀನಾ ಯೇಗರ್. ದಯವಿಟ್ಟು ಅವರ ಹೆಸರನ್ನೂ ಸೇರಿಸಿ.